ಉದ್ಯಮಬಾಗದ ಸಸ್ಪೆನ್ಷನ್ ಗ್ಯಾರೇಜ್: ಕೆಲಸ ಪಕ್ಕಾ, ಟೈಮ್ ಮಾತ್ರ ಕೇಳಬ್ಯಾಡ್ರಿ

ಮೊದಲ ಮಾರ್ಕ್ಸ್ ಹೇಳಿ ಮುಗಿಸಿಬಿಡ್ತೀನ್ರಿ. ಬೆಳಗಾವಿ ಉದ್ಯಮಬಾಗದಾಗ (ಅಂದ್ರ ಇಂಡಸ್ಟ್ರಿಯಲ್ ಏರಿಯಾ) ನನ್ನ ಇಸುಜು ವಿ-ಕ್ರಾಸ್ ಪಿಕಪ್‌ಗೆ ಸಸ್ಪೆನ್ಷನ್ ಪೂರ್ತಿ ಬದ್ಲಿ ಮಾಡಿಸಿ, ಚಾಸಿಗೆ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಅಲ್ಲಲ್ಲೆ ಪ್ಲೇಟ್ ಹಚ್ಚಿ ಗಟ್ಟಿ ಮಾಡಿಸಿ, ಕಡೀಕ ಅಲೈನ್‌ಮೆಂಟ್ ಮಾಡಿಸಿದೆ. ಕೆಲಸಕ್ಕ ಐದಕ್ಕ ಐದು, ಟೈಮಿಗೆ ಐದಕ್ಕ ಎರಡು, ಕುಂಡ್ರಾಕ ಜಾಗಾ, ಫ್ಯಾನು, ನೀರು ಅಂದ್ರ ಸೊನ್ನಿ. ಗ್ಯಾರೇಜ್ ನಡಸಾವ್ರಿಗೆ, ಗ್ಯಾರೇಜ್ ಹೆಸರು ಬರೀಲೇನ್ರಿ ಕಾಕಾ ಅಂತ ಕೇಳಿದ್ರ "ಬ್ಯಾಡ ತಮ್ಮಾ, ಈಗ ನಿಂತಿರೋ ಗಾಡೀನ ಹೊರಗ ಬೀಳವಲ್ವು" ಅಂದ್ರು, ಅದಕ್ಕ ಬರದಿಲ್ಲ. ಉದ್ಯಮಬಾಗದಾಗ ಹೋಗಿ ಯಾವ್ದರ ಲೇಥ್ ಮಶೀನ್ ಶೆಡ್ಡಿನ್ಯಾಗ "ಜೀಪ್ ಎತ್ತತಾರಲ್ಲ ಆ ಕಾಕಾ ಎಲ್ಲೆ" ಅಂತ ಕೇಳ್ರಿ, ತೋರಸ್ತಾರ.

ಗಾಡಿ 2017ರದ್ದು, ಎರಡೂವರಿ ಲೀಟರ್ ಡೀಸೆಲ್, ಫೋರ್ ಬೈ ಫೋರ್, ನಾ ತಗೊಂಡಿದ್ದು ಸೆಕೆಂಡ್ ಹ್ಯಾಂಡ್. ಜಾಂಬೋಟಿ ಕಡೆ ನಮ್ಮ ಹೊಲ ಅದ, ಮಳಿಗಾಲದಾಗ ಕೆಂಪ ಕೆಸರು, ಬ್ಯಾಸಿಗ್ಯಾಗ ಕಲ್ಲು, ಗೊಬ್ಬರದ ಚೀಲ ಹೇರ್ಕೊಂಡ ಹೋಗಬೇಕು, ಬರೂ ಮುಂದ ಖಾಲಿ ಬರಬೇಕು. ಹಂಗಾಗಿ ಶೋಕಿ ಸಲುವಾಗಿ ಎತ್ತಸೂದಲ್ಲ ಇದು, ಒಂಚೂರು ಶೋಕಿನೂ ಐತಿ ಅನ್ರಿ. ಹಿಂದಿನ ಮಾಲಕರು ಯಾವ್ದೋ ಅಂಗಡ್ಯಾಗ ಮುಂದಿನ ಶಾಕಪ್ (ಶಾಕ್ ಅಬ್ಸಾರ್ಬರ್) ಮ್ಯಾಲೆ ಅಲ್ಯೂಮಿನಿಯಂ ಸ್ಪೇಸರ್ ಇಡಿಸಿ, ಹಿಂದ ಪಾಟಾದ (ಲೀಫ್ ಸ್ಪ್ರಿಂಗ್) ಕೆಳಗ ಕಬ್ಬಿಣದ ಬ್ಲಾಕ್ ತುರುಕಿಸಿ "ಲಿಫ್ಟ್" ಮಾಡಿಸಿದ್ರು. ನೋಡಾಕ ಗಾಡಿ ಎತ್ತರ. ಓಡ್ಸಿದ್ರ ಹಂಪ್ ಇಳಿಯೂ ಮುಂದ ಮುಂದಿನ ಬಾಜೂ ಟಣ್ ಅಂತ ಸಪ್ಪಳ, ಹೈವೇದಾಗ ಸ್ಟೇರಿಂಗ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೇಲತಿತ್ತು, ಟೈರ್ ಒಂದ ಕಡೆ ತಿಂದಿತ್ತು.

ಇಲ್ಲೇ ಭಾಳ ಮಂದಿ ಎಡವೂದು. ಗಾಡಿ ಎತ್ತರ ಆತು ಅಂದ್ರ ಟ್ರಾವೆಲ್ ಹೆಚ್ಚಾತು ಅಂತ ತಿಳ್ಕೊಂಡಿರ್ತಾರ. ಟ್ರಾವೆಲ್ ಅಂದ್ರ ಗಾಲಿ ಪೂರ್ತಿ ಕೆಳಗ ಜೋತಾಡೋ ಜಾಗಾದಿಂದ ಪೂರ್ತಿ ಮ್ಯಾಲೆ, ಗಾಲಿ ತಡ್ಯೋ ರಬ್ಬರ್ ಅಂದ್ರ ಬಂಪ್ ಸ್ಟಾಪ್‌ಗೆ ಹೋಗಿ ಹಾಯೋ ಮಟ ಎಷ್ಟ ದೂರ ಅನ್ನೂದು. ಶಾಕಪ್ ಮ್ಯಾಲೆ ಸ್ಪೇಸರ್ ಇಟ್ರ ಆ ದೂರ ಒಂದ ಎಂಎಂನೂ ಹೆಚ್ಚಾಗೂದಿಲ್ಲ, ಇಡೀ ಶಾಕಪ್ಪ ಕೆಳಗ ಸರೀತೈತಿ, ಅಷ್ಟ. ಅದರಿಂದ ಏನಾಗ್ತೈತಿ ಅಂದ್ರ ಗಾಲಿ ಕೆಳಗ ಹೋದಾಗ ಮ್ಯಾಲಿನ ಬಾಲ್ ಜಾಯಿಂಟ್ (ಗಾಲಿ ಹಿಡಿಯೋ ಆರ್ಮಿಗೂ ಗಾಲಿಗೂ ನಡುವಿನ ಗುಂಡಿನ ಕೀಲು) ತನ್ನ ಮಿತಿ ದಾಟಿ ತಿರಚ್ಕೋತೈತಿ, ಆಕ್ಸಲ್‌ದ ಸಿವಿ ಜಾಯಿಂಟ್ (ಆಕ್ಸಲ್ ಓರೆ ಆದ್ರೂ ಗಾಲಿ ತಿರುಗಿಸೋ ಕೀಲು) ಕೋನ ಜಾಸ್ತಿ ಆಗಿ ಅದರ ರಬ್ಬರ್ ಬೂಟ್ ಹರೀತೈತಿ, ಗಾಲಿ ಮ್ಯಾಲೆ ಬಂದಾಗ ಬಂಪ್ ಸ್ಟಾಪ್ ಮುಟ್ಟೂಕಿಂತ ಮೊದಲ ಶಾಕಪ್ ಒಳಗ ಪಿಸ್ಟನ್ ತಳಾ ಹೊಡೀತೈತಿ. ಡಬಲ್ ವಿಶ್‌ಬೋನ್ ಗಾಡ್ಯಾಗ (ಗಾಲಿಗೆ ಮ್ಯಾಲೊಂದು ಕೆಳಗೊಂದು ಆರ್ಮ್ ಇರೋ ಗಾಡಿ) ಶಾಕಪ್ ಕೂಡೂದು ಆರ್ಮ್‌ದ ನಡುವ, ಗಾಲಿ ಇರೂದು ಆರ್ಮ್‌ದ ತುದಿಗೆ, ಅದಕ್ಕ 25 ಎಂಎಂ ಸ್ಪೇಸರ್ ಇಟ್ರ ಗಾಲಿ ಹಂತ್ಯಾಕ 40-45 ಎಂಎಂ ಎತ್ತರ ಸಿಗ್ತೈತಿ, ಗಿರಾಕಿ ಖುಷ್, ಅಂಗಡಿಯಾವ ಖುಷ್, ಅಳೂದು ಬಾಲ್ ಜಾಯಿಂಟ್.

ಕಾಕಾ ನನ್ನ ಗಾಡಿ ನೋಡಿ ಮೊದಲ ಕಿಟ್ ಬಗ್ಗೆ ಮಾತಾಡಲಿಲ್ಲ, ಯಾವ ರೋಡಿಗೆ ಹೋಗ್ತಿ, ಎಷ್ಟ ಲೋಡ್ ಹಾಕ್ತಿ, ವರ್ಷದಾಗ ಎಷ್ಟ ದಿನ ಖಾಲಿ ಓಡ್ತೈತಿ ಅಂತ ಕೇಳಿದ್ರು. ನಾ ಮೆಕ್ಸಿಕೋದ ಬಾಹಾ ಮರುಭೂಮಿ ರೇಸಿನ ಟ್ರಕ್ಕಿನ ವಿಡಿಯೋ ತೋರಿಸಿ ಇದರಂಗ ಆಗಬೇಕ್ರಿ ಅಂದೆ. ನಕ್ಕರು. ಅವುಕ್ಕ ಗಾಲಿ ಎರಡ ಫೂಟಿಗೂ ಹೆಚ್ಚು ಮ್ಯಾಲೆ ಕೆಳಗ ಆಡ್ತಾವ, ಅದಕ್ಕ ಕೆಳಗಿನ ಆರ್ಮ್ ಉದ್ದ ಮಾಡಬೇಕು, ಆರ್ಮ್ ಉದ್ದ ಆದ್ರ ಆಕ್ಸಲ್ ಉದ್ದ ಬೇಕು, ಟೈ ರಾಡ್ ಉದ್ದ ಬೇಕು, ಗಾಲಿ ಫೆಂಡರ್ ಹೊರಗ ಬರ್ತಾವ, ಅಂಥಾ ಗಾಡಿ ತಗೊಂಡ ಖಾನಾಪುರ ರೋಡಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಬಾಜೂಕ ಹೆಂಗ ದಾಟ್ತಿ, ಅಂದ್ರು. ಆ ಮಾತ ಖರೆ ಐತಿ, ಸೀಜನ್‌ದಾಗ ಎರಡ ಟ್ರೇಲರ್ ಹಚ್ಚಿ ಬರೋ ಟ್ರ್ಯಾಕ್ಟರ್ ಮುಂದ ನಾಕ ಇಂಚ ಜಾಗಾನೂ ಲೆಕ್ಕಕ್ಕ ಬರ್ತೈತಿ. ಹಂಗಾಗಿ ಕಂಪನಿ ಆರ್ಮ್ ಅಗಲ ಹಂಗ ಇಟ್ಟು, ಅದರಾಗ ಎಷ್ಟ ಟ್ರಾವೆಲ್ ಹುಟ್ಟಸಾಕ ಬರ್ತೈತೋ ಅಷ್ಟ ತಗೊಳ್ಳೂದು ಅಂತ ಆತು.

ಈಗ ಈ ಗ್ಯಾರೇಜಿಗೆ ನಾ ಐದಕ್ಕ ಐದು ಯಾಕ ಕೊಟ್ಟೆ ಅನ್ನೂದು. ಹಳೆ ಸ್ಪೇಸರ್ ಎಲ್ಲಾ ಕಿತ್ತ ಒಗದ ಮ್ಯಾಲೆ ಹೊಸಾ ಶಾಕಪ್ ಸ್ಪ್ರಿಂಗ್ ಇಲ್ಲದ ಬರೇ ಕಡ್ಡಿ ಹಂಗ ಕೂಡಿಸಿದ್ರು. ಗಾಡಿ ಸ್ಟ್ಯಾಂಡ್ ಮ್ಯಾಲೆ, ಕೆಳಗಿನ ಆರ್ಮ್ ಅಡಿಗೆ ಟ್ರಾಲಿ ಜ್ಯಾಕ್. ಪೂರ್ತಿ ಕೆಳಗಿಂದ ಶುರು ಮಾಡಿ ಇಷ್ಟಿಷ್ಟ ಎತ್ತಕೋತ, ಒಂದೊಂದ ಎತ್ತರಕ್ಕ ನಿಲ್ಲಿಸಿ, ಹುಡುಗ ಒಬ್ಬಾವ ಬ್ಯಾಟ್ರಿ ಹಿಡದು ಒಳಗ ಕುಂತಾನ, ಕಾಕಾ ಗಾಲಿ ಎಡಕ್ಕ ಪೂರ್ತಿ ತಿರವಿ ಬಲಕ್ಕ ಪೂರ್ತಿ ತಿರವಿ "ಏನರ ಹತ್ತೈತೇನು" ಅಂತ ಕೇಳ್ತಾರ. ಮ್ಯಾಲಿನ ಬಾಲ್ ಜಾಯಿಂಟ್ ಎಲ್ಲೆ ಬಿಗೀತೈತಿ, ಸಿವಿ ಜಾಯಿಂಟ್ ತಿರುಗಿಸಿದಾಗ ಎಲ್ಲೆ ಕಟ್ ಕಟ್ ಅಂತೈತಿ, ಬ್ರೇಕ್ ಹೋಸ್ ಎಲ್ಲೆ ಎಳೀತೈತಿ, ಟೈರ್ ಎಲ್ಲೆ ಒಳಗಿನ ಪ್ಲಾಸ್ಟಿಕ್ ತಿಕ್ಕತೈತಿ, ಎಲ್ಲಾ ಮಾರ್ಕರ್‌ನಿಂದ ಫೆಂಡರ್ ಮ್ಯಾಲೆ ಹಚ್ಚಿದ ಮಾಸ್ಕಿಂಗ್ ಟೇಪಿಗೆ ಗೆರಿ. ಎಲ್ಲಾಕ್ಕಿಂತ ಮೊದಲ ತಕರಾರು ತಗದಿದ್ದು ಬ್ರೇಕ್ ಹೋಸ್. ಅದಕ್ಕ ಮೊದಲಿಂದಕ್ಕಿಂತ 50 ಎಂಎಂ ಹೆಚ್ಚ ಉದ್ದಂದು ಬ್ರೇಡೆಡ್ ಹೋಸ್ ಹಾಕಿದ್ರು, ಎಬಿಎಸ್ ವೈರ್ ಕ್ಲಿಪ್ ತಗದ ಬ್ಯಾರೆ ಕಡೆ ಹಚ್ಚಿದ್ರು. ಆಮ್ಯಾಲೆ ಕಂಪನಿ ಅಪ್ಪರ್ ಆರ್ಮ್ ತಗದು, ಬಾಲ್ ಜಾಯಿಂಟ್ ಕೋನ ಹೆಚ್ಚ ತಡಕೊಳ್ಳೋ ಟ್ಯೂಬಿನ ಅಪ್ಪರ್ ಆರ್ಮ್. ಇದ್ರ ಮ್ಯಾಲೆ ಬಂಪ್ ಸ್ಟಾಪ್ ಎತ್ತರ ನಿಗದಿ ಆತು, ಶಾಕಪ್ ತಳಾ ಹೊಡಿಯೂಕಿಂತ ಮೊದಲ ರಬ್ಬರ್ ಹಾಯಬೇಕು ಅನ್ನೂದು ಲೆಕ್ಕ. ಇಷ್ಟೆಲ್ಲಾ ಆದ ಮ್ಯಾಲೆ ಸ್ಪ್ರಿಂಗ್ ಕೂಡಿಸಿದ್ರು. ಸ್ಪೇಸರ್ ಇದ್ದಾಗ ಮುಂದಿನ ಗಾಲಿ ಪೂರ್ತಿ ಟ್ರಾವೆಲ್ 172 ಎಂಎಂ ಇತ್ತು, ಈಗ 214 ಐತಿ. ಗಾಡಿ ಎತ್ತರ ಮಾತ್ರ ಮೊದಲಿಗಿಂತ ಕಡಿಮಿ ಆಗೇತಿ! ದೋಸ್ತರು ನೋಡಿ "ಇಳಿಸಿದೇನಪಾ" ಅಂದ್ರು, ಅನ್ಲಿ.

ಎತ್ತರ ಕಡಿಮಿ ಯಾಕ ಅಂದ್ರ, ಗಾಡಿ ನೆಟ್ಟಗ ನಿಂತಾಗ ಒಟ್ಟ ಟ್ರಾವೆಲ್‌ನ್ಯಾಗ ಮೂರನೇ ಒಂದ್ ಪಾಲರ ಕೆಳಗ ಇಳ್ಯಾಕ ಉಳೀಬೇಕು ಅಂತ ಕಾಕಾನ ಹಟ. ತಗ್ಗ ಬಂದಾಗ ಗಾಲಿ ಕೆಳಗ ಚಾಚಿ ನೆಲ ಹಿಡದ್ರ ಗಾಡಿಗೆ ಹಿಡಿತ ಸಿಗ್ತೈತಿ, ಸ್ಪ್ರಿಂಗ್ ಬಿಗದ ಬಿಗದ ಎತ್ತರಕ್ಕ ನಿಲ್ಲಿಸಿದ್ರ ಕೆಳಗಿನ ಟ್ರಾವೆಲ್ ಖಾಲಿ, ಗಾಲಿ ಗಾಳ್ಯಾಗ. ಆ ಟಣ್ ಸಪ್ಪಳ ಅದ. ಡಿಫರೆನ್ಷಿಯಲ್ ಕೆಳಗ ಕಲ್ಲ ತಾಗಬಾರ್ದು ಅಂದ್ರ ಹಿಂದಿನ ಆಕ್ಸಲ್ ಹೌಸಿಂಗ್ ಎತ್ತೂದು ಟೈರ್ ಒಂದ, ಸ್ಪ್ರಿಂಗ್ ಎಷ್ಟ ಎತ್ತಿದ್ರೂ ಹೌಸಿಂಗ್ ಅಲ್ಲೇ ಇರ್ತೈತಿ. ನಂದು ಕಂಪನಿ ಟೈರ್ 245/70 ಆರ್ 16, ಅದರ ವ್ಯಾಸ ಸುಮಾರ 749 ಎಂಎಂ, ಈಗ ಹಾಕಿದ್ದು 265/75 ಆರ್ 16, ಅದು 804, ಅಂದ್ರ ಹೌಸಿಂಗ್ 27 ಎಂಎಂ ಎತ್ತರ ಆತು, ಸ್ಪೀಡೋ ಮೀಟರ್ ಮಾತ್ರ ಶೇಕಡಾ 7 ಕಡಿಮಿ ತೋರಸ್ತೈತಿ. ಮೀಟರ್ 80 ಅಂದ್ರ ನೀವು 85-86ಕ್ಕ ಹೊಂಟೀರಿ, ಹೈವೇ ಕ್ಯಾಮೆರಾ ಮುಂದ ನೆನಪಿಟ್ಕೋರಿ.

ಶಾಕಪ್ ಯಾವ್ದು ಅಂತ ಕೇಳಾವ್ರಿಗೆ: ನಾಲ್ಕೂ ಐರನ್‌ಮ್ಯಾನ್ ಫೋಮ್ ಸೆಲ್. ಆಸ್ಟ್ರೇಲಿಯಾ ಕಂಪನಿದು. ಟ್ವಿನ್ ಟ್ಯೂಬ್, ಒಳಗ ಗ್ಯಾಸ್ ಜಾಗಾಕ್ಕ ಫೋಮ್ ಇರ್ತೈತಿ, ಎಣ್ಣಿಗೆ ಗಾಳಿ ಕೂಡಿ ನೊರಿ ಆಗೂದು ತಪ್ಪತೈತಿ. ಕಚ್ಚಾ ರೋಡಿನ್ಯಾಗ ತಾಸಗಟ್ಲೆ ಕುಣದ ಕುಣದ ಎಣ್ಣಿ ಬಿಸಿ ಆಗಿ ತೆಳ್ಳಗಾದ್ರ ಶಾಕಪ್ ತಡ್ಯೂದ ಬಿಡ್ತೈತಿ, ಗಾಡಿ ದೋಣಿ ಆಗ್ತೈತಿ. ಮೋನೋ ಟ್ಯೂಬ್‌ಗೆ ಬಿಸಿ ಲಗೂನ ಹೊರಗ ಹೋಗ್ತೈತಿ, ರಿಸರ್ವಾಯರ್ ಇದ್ರ ಎಣ್ಣಿನೂ ಜಾಸ್ತಿ, ಜೋರಾಗಿ ಓಡಸಾವ್ರಿಗೆ ಅದ ಚಲೋ. ಆದ್ರ ಮೋನೋ ಟ್ಯೂಬ್ ಹೊರಗಿನ ಗ್ವಾಡಿಗೆ ಕಲ್ಲ ಬಡದು ತಗ್ಗ ಬಿತ್ತು ಅಂದ್ರ ಪಿಸ್ಟನ್ ಅಲ್ಲೇ ಸಿಕ್ಕೋತೈತಿ. ನನ್ನ ದಾರಿ ಕಲ್ಲಿನ್ದು, ಸ್ಪೀಡ್ ಕಡಿಮಿ, ಹಂಗಾಗಿ ಟ್ವಿನ್ ಟ್ಯೂಬ್. ಥೈಲ್ಯಾಂಡಿನ ಪ್ರೊಫೆಂಡರ್ ಹಾಕಿಸಿದ ಗಾಡಿನೂ ಅಲ್ಲೇ ನಿಂತಿದ್ವು, ಆ ಮಾಲಕರೂ ಚಲೋ ಅಂತಾರ.

ಹಿಂದಿನ ಪಾಟಾ ಕೆಲಸ ಲಗೂ ಮುಗೀತು. ಬ್ಲಾಕ್ ತಗದ ಒಗದ್ರು, ಯಾಕಂದ್ರ ಬ್ಲಾಕ್ ಮ್ಯಾಲೆ ಆಕ್ಸಲ್ ನಿಂತ್ರ ಎಕ್ಸಲೇಟರ್ ಒತ್ತಿದಾಗ ಆಕ್ಸಲ್ ತಿರುಗಾಕ ನೋಡ್ತೈತಿ, ಪಾಟಾ ಇಂಗ್ಲಿಷಿನ ಎಸ್ ಅಕ್ಷರದಂಗ ಬಾಗ್ತೈತಿ. ಹೊಸಾ ಪಾಟಾ ಸೆಟ್, ಒಂದ ಎಲಿ ಕಡಿಮಿ ಮಾಡಿಸಿ. ಶ್ಯಾಕಲ್ (ಪಾಟಾದ ಹಿಂದಿನ ತುದಿ ಚಾಸಿಗೆ ಜೋಡಸೋ ಕೊಂಡಿ) ಹಿಂದಕ್ಕ ವಾಲಿರಬೇಕು, ನೆಟ್ಟಗ ನಿಂತ್ರ ಪಾಟಾ ಉದ್ದ ಆಗಾಕ ಜಾಗಾ ಸಿಗೂದಿಲ್ಲ, ಗಾಡಿ ಕುದರಿ ಹಂಗ ಒದೀತೈತಿ. ಅದನ್ನ ನೋಡಿ ಶ್ಯಾಕಲ್ ಸ್ವಲ್ಪ ಉದ್ದಂದು ಹಾಕಿದ್ರು. ಪಿನಿಯನ್ ಕೋನಕ್ಕ (ಹಿಂದಿನ ಆಕ್ಸಲ್ ಪ್ರೊಪೆಲರ್ ಶಾಫ್ಟಿಗೆ ಕೂಡೋ ಕೋನ) ವೆಡ್ಜ್ ಶಿಮ್, ಅಂದ್ರ ಓರೆ ತಗಡು. ಪಾಟಾ ಆಕ್ಸಲಿಗೆ ಬಿಗಿಯೋ ಯು-ಬೋಲ್ಟ್ ಹೊಸಾವು, ಹಳೇವು ಮತ್ತ ಬಿಗ್ಯಾಕ ಕೊಡಲೇ ಇಲ್ಲ, ಒಮ್ಮೆ ಎಳದ ಬೋಲ್ಟ್ ಮತ್ತ ಅಷ್ಟ ಬಿಗಿ ಹಿಡ್ಯೂದಿಲ್ಲ ಅಂದ್ರು. ನಿಮ್ಮ ಗಾಡ್ಯಾಗ ಹಿಂದಿನ ಆಕ್ಸಲ್‌ಗೆ ಕಡ್ಡಿ ಜೋಡಿಸಿದ ಎಲ್‌ಎಸ್‌ಪಿವಿ ಬ್ರೇಕ್ ವಾಲ್ವ್ ಇದ್ರ ಅದನ್ನ ನೆನಪ್ಲೆ ಅಡ್ಜಸ್ಟ್ ಮಾಡಸ್ರಿ, ಹಿಂದಿನ ಬಾಜೂ ಎತ್ತಿದ್ರ ಆ ವಾಲ್ವ್ ಗಾಡಿ ಖಾಲಿ ಐತಿ ಅಂತ ತಿಳಕೊಂಡು ಹಿಂದಿನ ಬ್ರೇಕ್‌ಗೆ ಪ್ರೆಷರ್ ಕಡಿಮಿ ಕೊಡ್ತೈತಿ. ಇದನ್ನ ಭಾಳ ಗ್ಯಾರೇಜಿನವ್ರು ಮುಟ್ಟೂದ ಇಲ್ಲ.

ಗಟ್ಟಿ ಮಾಡೋ ಕೆಲಸ ಮಾತ್ರ ನಿಂತ ನೋಡೂ ಹಂಗಿತ್ತು. ಶಾಕಪ್ ಉದ್ದ ಆತು, ಬಂಪ್ ಸ್ಟಾಪ್ ಬದಲಾತು, ಗಾಲಿ ದೊಡ್ಡಾದ್ವು, ಅಂದ್ರ ಮೊದಲ ಸ್ಪ್ರಿಂಗ್ ತಿನ್ನತಿದ್ದ ಹೊಡತ ಈಗ ಚಾಸಿ ತಿನ್ನತೈತಿ. ಎಲ್ಲೆ ಪ್ಲೇಟ್ ಹಚ್ಚಬೇಕು ಅಂತ ಅಂದಾಜಿಲೆ ಹೊಡೀಲಿಲ್ಲ. ಶಾಕಪ್ ಟವರ್, ಕೆಳಗಿನ ಆರ್ಮ್ ಬ್ರ್ಯಾಕೆಟ್, ಹಿಂದಿನ ಶ್ಯಾಕಲ್ ಹ್ಯಾಂಗರ್, ಇವಿಷ್ಟೂ ವೈರ್ ಬ್ರಷ್ ಹಚ್ಚಿ ಬೆಳ್ಳಗ ಮಾಡಿ, ಕೆಂಪ ಡೈ ಸ್ಪ್ರೇ ಹೊಡದು, ಸ್ವಲ್ಪ ಹೊತ್ತ ಬಿಟ್ಟು, ಅರಬಿಲೆ ಒರಸಿ, ಮ್ಯಾಲೆ ಬಿಳಿ ಡೆವಲಪರ್ ಸ್ಪ್ರೇ ಹೊಡದ್ರು. ಫೌಂಡ್ರಿಯಾವ್ರು ಕಾಸ್ಟಿಂಗ್‌ದಾಗ ಕ್ರ್ಯಾಕ್ ನೋಡೂದು ಇದ ರೀತಿಲೆ, ಆ ಡಬ್ಬಿ ಬಾಜೂ ಶೆಡ್ಡಿನಿಂದ ಇಸ್ಕೊಂಡ ಬಂದಿದ್ದು. ಬಲಗಡೆ ಶ್ಯಾಕಲ್ ಹ್ಯಾಂಗರ್ ಮೂಲ್ಯಾಗ ಬಿಳಿ ಪುಡಿ ಮ್ಯಾಲೆ ನಿಧಾನಕ ಕೂದಲದಂಥಾ ಕೆಂಪ ಗೆರಿ ಒಂದ ಮೂಡಾಕ ಹತ್ತಿತು. ಬರೇ ಕಣ್ಣಿಗೆ ಅಲ್ಲೆ ಏನೂ ಇರಲಿಲ್ಲ, ನಾ ಮೊಬೈಲ್ ಲೈಟ್ ಹಾಕಿ ನೋಡಿದ್ದೆ. ಕ್ರ್ಯಾಕಿನ ತುದಿಗೆ ಸಣ್ಣ ಡ್ರಿಲ್ ಹೊಡದ್ರು, ತುದಿ ದುಂಡಗಾದ್ರ ಅದು ಮುಂದಕ್ಕ ಓಡೂದಿಲ್ಲ, ಆಮ್ಯಾಲೆ ಗ್ರೈಂಡ್ ಮಾಡಿ ವೆಲ್ಡ್ ತುಂಬಿಸಿ ಮ್ಯಾಲೆ 4 ಎಂಎಂ ಪ್ಲೇಟ್.

ಪ್ಲೇಟಿನ ತುದಿ ಚೌಕ ಇಡಲಿಲ್ಲ, ಮೀನಿನ ಬಾಯಿ ಹಂಗ ಕತ್ತರಿಸಿ ಹಚ್ಚಿದ್ರು. ಚಾಸಿಗೆ ಅಡ್ಡ ಗೆರಿ ಹೊಡದಂಗ ವೆಲ್ಡ್ ಮಾಡಿದ್ರ ಆ ಗೆರಿಗುಂಟನ ಮುಂದ ಮುರೀತೈತಿ ಅಂತ. ವೆಲ್ಡಿಂಗ್ ಮಿಗ್, ಒಂದ ಕಡಿಯಿಂದ ಎಳ್ಕೋತ ಹೋಗೂದಲ್ಲ, ಟಾಕಿ ಹೊಡದು ಅಲ್ಲೊಂಚೂರು ಇಲ್ಲೊಂಚೂರು, ಮುಂದಿನದ್ದು ಆರೂಮಟ ಹಿಂದಿನದ್ದು. ಶುರು ಮಾಡೂಕಿಂತ ಮೊದಲ ಬ್ಯಾಟ್ರಿ ವೈರ್ ಬಿಚ್ಚಿದ್ರು, ಇಲ್ಲಾಂದ್ರ ಇಸಿಎಂ (ಇಂಜಿನ್ ಕಂಪ್ಯೂಟರ್) ಸುಟ್ಟ ಹೋಗೋ ಚಾನ್ಸ್ ಇರ್ತೈತಿ. ಸುಡೂ ಜಾಗಾ ಹಂತ್ಯಾಕಿನ ರಬ್ಬರ್ ಬುಶ್ ತಗದ ಇಟ್ರು. ಪಾಟಾದ ಹಂತ್ಯಾಕ ಕಿಡಿ ಸಹಿತ ಹಾರಬಾರ್ದು ಅಂತ ಹಸಿ ಗೋಣಿಚೀಲ ಮುಚ್ಚಿದ್ರು, ಸ್ಪ್ರಿಂಗ್ ಸ್ಟೀಲಿಗೆ ಕಾವು ಹತ್ತಿ ಹದ ಹೋತಂದ್ರ ಅದು ಅಲ್ಲೇ ಮುರಿಯೂದು. ಇದೆಲ್ಲಾ ಆದಮ್ಯಾಲೆ ಗೌಂಡಿಗಳು ಗ್ವಾಡಿ ನೆಟ್ಟಗ ಐತೋ ಇಲ್ಲೋ ನೋಡೋ ತೂಕದ ಗುಂಡು ಇರ್ತೈತಲ್ಲ, ಅದನ್ನ ಚಾಸಿ ಎಂಟ ಕಡೆಯಿಂದ ಇಳಿ ಬಿಟ್ಟು ನೆಲದ ಮ್ಯಾಲೆ ಸುಣ್ಣದಕಡ್ಡಿ ಗುರುತ ಹಾಕಿ, ಮೂಲಿಯಿಂದ ಮೂಲಿಗೆ ಟೇಪ್ ಹಿಡದು ಅಳದ್ರು. ವೆಲ್ಡಿಂಗ್ ಮುಂಚಿನ ಅಳತಿಗೂ ಈಗಿನದ್ದಕ್ಕೂ ಫರಕ 2 ಎಂಎಂ. "ಇದು ಟೇಪಿನ ಫರಕ, ಚಾಸಿದಲ್ಲ" ಅಂತ ಅವ್ರ ಮಾತು, ಇರಬಹುದು.

ಬೆಳಗಾವ್ಯಾಗ ಇಂಥಾ ಕೆಲಸಕ್ಕ ಒಂದ ದೊಡ್ಡ ಅನುಕೂಲ ಐತ್ರಿ, ಪುಣೆ ಬೆಂಗಳೂರಿನವ್ರಿಗೆ ಇಷ್ಟ ಸಸಾರ ಇದು ಸಿಗೂದಿಲ್ಲ. ಒಂದ ಬುಶ್ ಅಳತಿ ಕೂಡಲಿಲ್ಲ, ಹುಡುಗ ಸೈಕಲ್ ಹತ್ತಿ ಮೂರ ಶೆಡ್ ಆಚೆ ಲೇಥಿನ್ಯಾಗ ಟರ್ನ್ ಮಾಡಿಸ್ಕೊಂಡ ಬಂದ, ಪ್ಲೇಟ್ ಪ್ರೊಫೈಲ್ ಕಟಿಂಗ್ ಇನ್ನೊಂದ ಕಡೆ, ಬಂಪ್ ಸ್ಟಾಪ್ ಬ್ರ್ಯಾಕೆಟಿಗೆ ಪೌಡರ್ ಕೋಟಿಂಗ್ ಮತ್ತೊಂದ ಕಡೆ. ಎಲ್ಲಾ ನಡಕೋತ ಹೋಗೋ ದೂರದಾಗ.

ಈಗ ಅಲೈನ್‌ಮೆಂಟ್. ಇದನ್ನ ಗ್ಯಾರೇಜಿನ್ಯಾಗ ಮಾಡಾಕ ಮಶೀನಿಲ್ಲ, ಹೊರಗ ಹೋಗಬೇಕು, ಅದ ಒಂದ ಕೊರತಿ. ಮೊದಲ ಇಲ್ಲೇ ದಾರ ಕಟ್ಟಿ ಟೋ (ಮ್ಯಾಲಿಂದ ನೋಡಿದ್ರ ಗಾಲಿ ಮುಂದಿನ ಅಂಚು ಒಳಗ ಇಲ್ಲಾ ಹೊರಗ ತಿರುಗಿರೂದು) ಅಂದಾಜ ಮಾಡಿದ್ರು, ಟೋ ನೋಡೂಕಿಂತ ಮೊದಲ ಎಲ್ಲಾ ಬುಶ್ ಬೋಲ್ಟ್ ಸಡ್ಲ ಮಾಡಿ, ಗಾಡಿ ನೆಲಕ್ಕ ಇಳಿಸಿ, ಹಿಂದ ಮುಂದ ತಳ್ಳಿ, ಬಂಪರ್ ಮ್ಯಾಲೆ ಕುಂತ ಎದ್ದು ಗಾಡಿ ತನ್ನ ಎತ್ತರಕ್ಕ ಬಂದ ಮ್ಯಾಲೆ ಬೋಲ್ಟ್ ಬಿಗದ್ರು. ಗಾಲಿ ಗಾಳ್ಯಾಗ ಜೋತಾಡೂ ಮುಂದ ಬಿಗದ್ರ ರಬ್ಬರ್ ಆ ಕೋನಕ್ಕ ಸೆಟ್ ಆಗಿಬಿಡ್ತೈತಿ, ಗಾಡಿ ಇಳಿಸಿದ ಕೂಡ್ಲೆ ತಿರಚ್ಕೊಂಡು ಕೆಲವ ತಿಂಗಳದಾಗ ಹರೀತೈತಿ. ಹೊಸಾ ಕಿಟ್ ಹಾಕಿಸಿ "ಕಿರ್ ಕಿರ್ ಅಂತೈತಿ" ಅನ್ನಾವ್ರು ಮೊದಲ ಇದನ್ನ ಚೆಕ್ ಮಾಡಸ್ರಿ.

ಮೊದಲ ಹೋದ ಅಲೈನ್‌ಮೆಂಟ್ ಅಂಗಡಿ ಹೆಸರು ಬ್ಯಾಡ. ಮಶೀನ್ ಹೊಸಾದು, ತ್ರೀಡಿ, ಕ್ಯಾಮೆರಾ ಗೀಮೆರಾ ಎಲ್ಲಾ ಐತಿ. ಹುಡುಗ ಬಂದ, ಟಾರ್ಗೆಟ್ ಹಚ್ಚಿದ, ಟೈ ರಾಡ್ ತಿರುವಿದ, ಸ್ಕ್ರೀನಿನ್ಯಾಗ ಟೋ ಹಸರ ಆತು, ಸರ ಆತ್ರಿ ಅಂದ. ಕ್ಯಾಸ್ಟರ್ (ಸ್ಟೇರಿಂಗ್ ಅಕ್ಷ ಹಿಂದಕ್ಕ ವಾಲೂದು), ಕ್ಯಾಂಬರ್ (ಗಾಲಿ ತಲಿ ಒಳಗ ಇಲ್ಲಾ ಹೊರಗ ವಾಲೂದು) ಎರಡೂ ಕೆಂಪ ಇದ್ವು. ಅದನ್ನ ಕೇಳಿದ್ರ "ನಿಮ್ಮದು ಮಾಡಿಫೈ ಗಾಡಿ, ಅದು ಬರೂದಿಲ್ರಿ" ಅಂದ. ರೊಕ್ಕ ಮಾತ್ರ ಪೂರ್ತಿ ತಗೊಂಡ. ಪ್ರಿಂಟ್ ಕೊಡಪಾ ಅಂದ್ರ ಪೇಪರ್ ಮುಗದೈತಿ. ಕಾಕಾಗ ಫೋನ್ ಹಚ್ಚಿದೆ, ಅವ್ರು ಸ್ಕೂಟರ್ ಮ್ಯಾಲೆ ಬಂದು ಬ್ಯಾರೆ ಅಂಗಡಿಗೆ ಕರಕೊಂಡ ಹೋಗಿ ತಾವ ಪಿಟ್ಟಿನ್ಯಾಗ ಇಳದ್ರು.

ಅಲ್ಲೆ ಆದ ರೀತಿ ಹೇಳ್ತೀನಿ, ನೀವೂ ನಿಂತ ಮಾಡಿಸ್ಕೋಬಹುದು. ಟೈರ್ ಗಾಳಿ ಸಮ, ಟ್ಯಾಂಕ್ ಅರ್ಧ, ಹಿಂದ ನನ್ನ ಖಾಯಂ ಸಾಮಾನು ಇದ್ದ ಹಂಗ. ಮೊದಲ ಹಿಂದಿನ ಆಕ್ಸಲ್ ನೆಟ್ಟಗ ಐತೇನು ಅಂತ ಥ್ರಸ್ಟ್ ಆ್ಯಂಗಲ್, ಅದು ಸರಿ ಇಲ್ಲಾಂದ್ರ ಮುಂದ ಎಷ್ಟ ತಿರುವಿದ್ರೂ ಗಾಡಿ ಏಡಿ ಹಂಗ ಅಡ್ಡಡ್ಡ ಹೋಗ್ತೈತಿ. ಆಮ್ಯಾಲೆ ಕ್ಯಾಸ್ಟರ್, ಕ್ಯಾಂಬರ್, ಎಲ್ಲಾಕ್ಕಿಂತ ಕಡೀಕ ಟೋ, ಯಾಕಂದ್ರ ಮೊದಲಿನ ಎರಡ ಬದಲಾದ್ರ ಟೋ ತಾನ ಬದಲಾಗ್ತೈತಿ. ಕ್ಯಾಸ್ಟರ್ ನೋಡಾಕ ಗಾಲಿ ತಿರುಗೋ ಪ್ಲೇಟ್ ಮ್ಯಾಲೆ ನಿಲ್ಲಿಸಿ ಎಡಕ್ಕ 20 ಡಿಗ್ರಿ, ಬಲಕ್ಕ 20 ಡಿಗ್ರಿ ತಿರುವಬೇಕು. ಆ ಸ್ವಿಂಗ್ ಮಾಡಲಿಲ್ಲ ಅಂದ್ರ ನಿಮ್ಮ ಕ್ಯಾಸ್ಟರ್ ನೋಡೇ ಇಲ್ಲ ಅಂತ ತಿಳ್ಕೋರಿ. ನಂದು ಎಡಕ್ಕ 1.1, ಬಲಕ್ಕ 0.6 ಡಿಗ್ರಿ ಬಂತು. ಎತ್ತಿದ ಗಾಡ್ಯಾಗ ಆಗೂದ ಇದು, ಸ್ಟೇರಿಂಗ್ ಅಕ್ಷ ಹಿಂದಕ್ಕ ವಾಲೂದು ಕಡಿಮಿ ಆಗ್ತೈತಿ, ಆಗ ಸ್ಟೇರಿಂಗ್ ತಾನಾಗೇ ನೆಟ್ಟಗ ಬರೂದಿಲ್ಲ, ಹೈವೇದಾಗ ಲಾರಿ ಬಾಜೂಕ ಹಾದ್ರ ತೇಲ್ತೈತಿ. ಕೆಲವ ಗಾಡ್ಯಾಗ ಕೆಳಗಿನ ಆರ್ಮ್‌ನ್ಯಾಗ ಕ್ಯಾಮ್ ಬೋಲ್ಟ್ ತಿರುವಿ ಹೊಂದಸ್ತಾರ, ಕೆಲವ್ರಾಗ ಅಪ್ಪರ್ ಆರ್ಮ್ ಹಿಂದ ಶಿಮ್ ಹಾಕಿ. ನನ್ನ ಹೊಸಾ ಅಪ್ಪರ್ ಆರ್ಮ್ ಮಾಡೂ ಮುಂದನ ಬಾಲ್ ಜಾಯಿಂಟ್ ಹಿಂದಕ್ಕ ಸರಸಾಕ ಬರೂ ಹಂಗ ಮಾಡ್ಯಾರ, ಅದರಿಂದನ ಜಾಸ್ತಿ ಸಿಕ್ತು. ಕಡೀಕ ಎಡಕ್ಕ 3.0, ಬಲಕ್ಕ 2.8.

ಎರಡೂ ಒಂದ ಯಾಕ ಮಾಡಲಿಲ್ಲ ಅಂತ ಕೇಳಿದೆ. ನಮ್ಮ ರೋಡು ನಡುವ ಎತ್ತರ, ಅಂಚಿಗೆ ಇಳಿಜಾರು, ನಾವು ಎಡಕ್ಕ ಓಡಸಾವ್ರು, ಗಾಡಿ ತಾನ ಎಡಕ್ಕ ಜಾರತೈತಿ. ಕ್ಯಾಸ್ಟರ್ ಕಡಿಮಿ ಇದ್ದ ಕಡೆ ಗಾಡಿ ಎಳೀತೈತಿ, ಅದಕ್ಕ ಬಲಕ್ಕ ಒಂದ ಚೂರು ಕಡಿಮಿ ಇಟ್ರ ಎರಡೂ ಒಂದಕ್ಕೊಂದು ವಜಾ ಆಗ್ತಾವ. ಅಂಗಡಿ ಹುಡುಗನೂ ಬಾಯಿ ತಗದು ಕೇಳ್ಕೋತ ನಿಂತಿದ್ದ. ಕ್ಯಾಂಬರ್ ಸೊನ್ನಿಗೆ ಹತ್ರ, ಟೋ ಒಳಗಡೆ 1 ಎಂಎಂ. ಕ್ಯಾಂಬರ್ ಒಂದ ಡಿಗ್ರಿ ಹೆಚ್ಚು ಕಡಿಮಿ ಆದ್ರ ಇಷ್ಟ ದೊಡ್ಡ ಟೈರಿನ ತಲಿ ಬುಡಕ್ಕ 14 ಎಂಎಂ ಫರಕ ಬೀಳ್ತೈತಿ, ಕಣ್ಣಿಗೇ ಕಾಣಸ್ತೈತಿ.

ಇನ್ನೊಂದ ಮಾತು, ಉದ್ದ ಟ್ರಾವೆಲ್ ಗಾಡಿಗೆ ನಿಂತ ಎತ್ತರದಾಗ ಟೋ ಸರಿ ಇದ್ರ ಸಾಲೂದಿಲ್ಲ. ಗಾಲಿ ಮ್ಯಾಲೆ ಕೆಳಗ ಆಡೂ ಮುಂದ ಟೈ ರಾಡ್ ಒಂದ ವೃತ್ತದಾಗ, ಆರ್ಮ್ ಇನ್ನೊಂದ ವೃತ್ತದಾಗ ತಿರುಗಿ ಗಾಲಿ ತನ್ನಷ್ಟಕ್ಕ ತಿರುಗ್ತೈತಿ, ಬಂಪ್ ಸ್ಟೀರ್ ಅಂತಾರ. ಸ್ಪ್ರಿಂಗ್ ಹಾಕೂಕಿಂತ ಮೊದಲನ ಇದನ್ನ ನೋಡಿ ಆಗಿತ್ತು, ಹಬ್ಬಿಗೆ ನೆಟ್ಟಗಿನ ಪ್ಲೈವುಡ್ ಹಲಗಿ ಬಿಗದು, 25 ಎಂಎಂ ಎತ್ತೂದು ಒಂದ ಗೆರಿ ಎಳ್ಯೂದು. ನನ್ನ ಗಾಡ್ಯಾಗ 50 ಎಂಎಂ ಮ್ಯಾಲೆ ಬಂದ್ರ 3 ಎಂಎಂ ಹೊರಗ ತಿರುಗ್ತಿತ್ತು, ನನ್ನ ಸ್ಪೀಡಿಗೆ ನಡೀತೈತಿ ಅಂತ ಬಿಟ್ವಿ.

ಓಡ್ಸಿದ್ರ ಹೆಂಗೈತಿ? ಜಾಂಬೋಟಿ ದಾಟಿ ಕಣಕುಂಬಿ, ಅಲ್ಲಿಂದ ಚೋರ್ಲಾ ಘಾಟ್ ಇಳದು ಬಂದೆ. ಆ ರೋಡಿನ ಗತಿ ನಿಮಗ ಗೊತ್ತ ಐತಿ, ಮಳಿಗಾಲ ಮುಗದ ಮ್ಯಾಲೆ ಟಾರ್‌ಕಿಂತ ತಗ್ಗ ಜಾಸ್ತಿ. ಮೊದಲ ಸ್ಟೇರಿಂಗ್ ಹಿಡದು ಹಿಡದು ಭುಜ ನೋಯತಿತ್ತು, ಈಗ ತಿರುವಿ ಬಿಟ್ರ ಅದ ನೆಟ್ಟಗ ಬರ್ತೈತಿ. ಟಣ್ ಸಪ್ಪಳ ಹೋತು. ಮುಂದಿನ ಶಾಕಪ್ ಹೊಳಪಿನ ರಾಡಿಗೆ ಕಾಕಾ ಒಂದ ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿದ್ರು, ಅದು ಎಲ್ಲಿ ಮಟ ಸರದೈತಿ ಅನ್ನೂದರ ಮ್ಯಾಲೆ ಶಾಕಪ್ ಎಷ್ಟ ಒಳಗ ಹೋಗಿತ್ತು ಅಂತ ಗೊತ್ತಾಗ್ತೈತಿ. ವಾಪಸ್ ಬಂದು ನೋಡಿದ್ರ ಇನ್ನ ಒಂದ ಬಟ್ಟ ಜಾಗಾ ಉಳದಿತ್ತು, ಬಂಪ್ ಸ್ಟಾಪ್ ರಬ್ಬರಿನ ಮ್ಯಾಲೆ ಮಾತ್ರ ತಾಗಿದ ಗುರುತು. ಅಂದ್ರ ರಬ್ಬರ್ ಮೊದಲ, ಶಾಕಪ್ ಆಮ್ಯಾಲೆ, ಹೇಳಿದಂಗ. ಐದಾರ ರೂಪಾಯಿ ಜಿಪ್ ಟೈ ಹೇಳೋ ಅಷ್ಟ ಖರೆ ಮಾತು ಯಾವ ಕಿಟ್ಟಿನ ಬ್ರೋಶರೂ ಹೇಳೂದಿಲ್ಲ. ಖಾಲಿ ಗಾಡ್ಯಾಗ ಹಿಂದಿನ ಬಾಜೂ ಇನ್ನೂ ಸ್ವಲ್ಪ ಬಿರುಸ ಐತಿ, ಮೂರ ನಾಕ ಗೊಬ್ಬರದ ಚೀಲ ಬಿದ್ರ ಮೆತ್ತಗಾಗ್ತೈತಿ, ಪಾಟಾ ಗಾಡಿಗೆ ಇದು ಇದ್ದದ್ದ.

ತಕರಾರು ಬರ್ತೀನಿ ಈಗ. ಒಂದು, ಹೇಳಿದ ದಿನಕ್ಕ ಗಾಡಿ ಕೊಡೂದು ಅನ್ನೂದು ಇಲ್ಲಿ ಇಲ್ಲ. "ನಾಳೆ" ಅಂದ್ರ ವಾರ, "ಈ ವಾರ" ಅಂದ್ರ ಮುಂದಿನ ಅಮಾಸಿ. ನಡುವ ಗೋವಾದ ರೇನ್‌ಫಾರೆಸ್ಟ್ ಚಾಲೆಂಜಿಗೆ (ಮಳಿ ಕೆಸರಿನ್ಯಾಗ ನಡೆಯೋ ಫೋರ್ ಬೈ ಫೋರ್ ಸ್ಪರ್ಧೆ) ಹೋಗೋ ಜೀಪ್ ಬಂದ್ವು ಅಂದ್ರ ನಿಮ್ಮ ಗಾಡಿ ಮೂಲಿಗೆ ಹೋತು, 2014ರಾಗ ಅದು ಶುರು ಆದಾಗಿಂದ ಇಲ್ಲಿ ಮಳಿಗಾಲದಾಗ ಇದ ಹಾಡು ಅಂತ ಬಾಜೂ ಲೇಥಿನವ್ರು ಹೇಳಿದ್ರು. ಹೋಗಾವ್ರಿದ್ರ ದೀಪಾವಳಿ ಆದ ಮ್ಯಾಲೆ ಹೋಗ್ರಿ. ಎರಡು, ಕೊಟೇಶನ್ ಬಾಯಿ ಮಾತು. ನಾ ಹಾಳಿ ಮ್ಯಾಲೆ ಬರಸ್ಕೊಂಡೆ, ಬರದ ಕೊಟ್ರು, ಕೇಳಬೇಕು ಅಷ್ಟ. ಮೂರು, ವೆಲ್ಡಿಂಗ್ ಆದ ಜಾಗಾಕ್ಕ ಪ್ರೈಮರ್ ಹೊಡದ್ರು, ಆದ್ರ ಬಾಕ್ಸ್ ಚಾಸಿ ಒಳಗಡೆ ಏನೂ ಹಾಕಲಿಲ್ಲ. ನಮ್ಮ ಕಡೆ ಮಳಿಗೆ ಒಳಗಿಂದನ ಜಂಗ್ ತಿನ್ನತೈತಿ. ಕ್ಯಾವಿಟಿ ವ್ಯಾಕ್ಸ್ ನಾ ಬ್ಯಾರೆ ಕಡೆ ಹೊಡಿಸಿದೆ. ನಾಲ್ಕು, ಹೆಡ್‌ಲೈಟ್ ಇಳಸೂದು ಮರತಿದ್ರು, ರಾತ್ರಿ ಎದುರಿಂದ ಬರಾವ್ರೆಲ್ಲಾ ಡಿಪ್ಪರ್ ಹೊಡ್ಯಾಕ ಹತ್ತಿದ ಮ್ಯಾಲೆ ಗೊತ್ತಾತು, ಮರುದಿನ ಫುಕಟ್ ಮಾಡಿಕೊಟ್ರು.

ಕಾಯ್ದೆ ಬಗ್ಗೆನೂ ಕೇಳ್ತಾರ ಮಂದಿ. ಮೋಟಾರ್ ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಆರ್‌ಸಿ ಒಳಗಿನ ವಿವರ ಕಂಪನಿ ಕೊಟ್ಟಿದ್ದಕ್ಕ ಬ್ಯಾರೆ ಆಗೂ ಹಂಗ ಗಾಡಿ ಬದಲಾಯಿಸಾಕ ಬರೂದಿಲ್ಲ, 2019ರಾಗ ಸುಪ್ರೀಂ ಕೋರ್ಟ್ ಕೂಡ ಅದನ್ನ ಬಿಗಿ ಮಾಡಿ ಹೇಳೇತಿ. ಅಗಲ ಹೆಚ್ಚ ಮಾಡೂದು, ಚಾಸಿ ಕತ್ತರಿಸೂದು, ಫೆಂಡರಿನಿಂದ ಹೊರಗ ಟೈರ್ ಚಾಚಸೂದು ಇವೆಲ್ಲಾ ಸೀದಾ ಕಣ್ಣಿಗೆ ಬೀಳೂ ಕೆಲಸ. ಕಾಕಾ ಇದನ್ನ ಮೊದಲ ದಿನಾನ ಹೇಳಿದ್ರು, ಗಿರಾಕಿ ಕಳಕೊಂಡ್ರೂ ಅಡ್ಡಿ ಇಲ್ಲ ಅನ್ನೋ ಧಾಟಿಲೆ. ಇನ್ಶೂರೆನ್ಸ್ ಕಂಪನಿಗೂ ಮೊದಲ ಕೇಳಿ ಮುಂದ ಹೆಜ್ಜಿ ಇಡ್ರಿ, ಕ್ಲೇಮ್ ಟೈಮಿಗೆ ಸರ್ವೇಯರ್ ಕೆಳಗ ಬಗ್ಗಿ ನೋಡ್ತಾನ. ಮತ್ತ ಗಾಡಿ ಎತ್ತಿಸೇವಿ ಅಂತ ಭೀಮಗಡದ ಕಾಡಿನ್ಯಾಗ ನುಗ್ಗಬ್ಯಾಡ್ರಿ, ಅದು ವನ್ಯಧಾಮ.

ಖರ್ಚು: ಮಜೂರಿ, ಪ್ಲೇಟು, ಲೇಥ್, ಎಲ್ಲಾ ಕೂಡಿ 38 ಸಾವಿರ, ಅಲೈನ್‌ಮೆಂಟ್ ಬ್ಯಾರೆ. ಕಿಟ್, ಅಪ್ಪರ್ ಆರ್ಮ್, ಪಾಟಾ ನೀವು ತಂದ ಕೊಟ್ರೂ ಹಾಕ್ತಾರ, ಕಮಿಷನ್ ಕೇಳೂದಿಲ್ಲ, ಆದ್ರ ಡಬ್ಬಿ ಒಡದು ಅಳತಿ ನೋಡಿ ಒಪ್ಪಿಗಿ ಆಗಲಿಲ್ಲ ಅಂದ್ರ ಮುಟ್ಟೂದಿಲ್ಲ. ನನ್ನ ಮುಂದನ ಒಬ್ಬರ ಕಿಟ್ ವಾಪಸ್ ಕಳಿಸಿದ್ರು, ಅವ್ರು ಸಿಟ್ಟಾಗಿ ಹೋದ್ರು. ಗಾಡಿ ತೊಳಸ್ಕೊಂಡ ಹೋಗ್ರಿ, ಕೆಳಗಿನ ಕೆಸರು ಕೆರ್ಯಾಕ ಬ್ಯಾರೆ ಮಜೂರಿ ಹಚ್ತಾರ. ರವಿವಾರ ಬಂದ್. ಗಾಡಿ ತಗೊಂಡ ಬಂದ ಮ್ಯಾಲೆ 500 ಕಿಲೋಮೀಟರ್ ಓಡಿಸಿ ಯು-ಬೋಲ್ಟ್ ಬಿಗಸಾಕ ವಾಪಸ್ ಹೋಗೂದ ಬಿಡಬ್ಯಾಡ್ರಿ, ಅದಕ್ಕ ರೊಕ್ಕ ತಗೊಳ್ಳೂದಿಲ್ಲ. ನಂದು ಎಡಗಡೆ ಪಾಟಾದ ಮುಂದಿನ ಯು-ಬೋಲ್ಟ್ ಅರ್ಧ ಸುತ್ತ ಬಿಗೀತು.